ಬಾಗಿಲು ಹಾಕ್ಕೊಂಡು ತಿಂದ ಗಿಣ್ಣು

ಮುಚ್ಚಿಡು, ಮುಚ್ಚಿಡು, ಇನ್ನೂ ಒಳಕ್ಕೆ ತಳ್ಳು, ಅಕ್ಕಿ ಡ್ರಮ್ಮಿನ ಹಿಂದಕ್ಕೆ. ಅಜ್ಜಿಗೆ ಕಾಣ್ಸಲ್ಲ ಅಂದ್ಕೊಂಡ್ಯಾ ಸುಮಾ? ನೀನು ಊಟಿ ಬಸ್ಸಿಳಿದು ಬರೋವಾಗ್ಲೇ ನೋಡ್ದೆ ನಾನು, ಸ್ವೆಟರ್ ಒಳಗೆ ಚೌಕಕ್ಕೆ ಏನೋ ಉಬ್ಬಿಕೊಂಡಿತ್ತು, ಸ್ವೀಟ್ ಡಬ್ಬ ಅಲ್ದೆ ಇನ್ನೇನು. ಮೈಸೂರ್ ಪಾಕ್ ತಾನೆ? ಅದ್ರಲ್ಲಿ ತುಪ್ಪ ಇರಲ್ಲ, ಡಾಲ್ಡಾ ಸುರಿದಿರ್ತಾರೆ, ನನಗ್ಗೊತ್ತು, ಇರ್ಲಿ ಬಿಡು. ಕೂನೂರಲ್ಲಿ ಆಸ್ಪತ್ರೇಲಿ ನರ್ಸ್ ಕೆಲಸ ಸಿಕ್ಕಿದೆ, ನಮ್ಮ ಮನೇಲಿ ಟೀ ಎಲೆ ಕೀಳೋದು ಬಿಟ್ಟು ಸಂಬಳದ ಕೆಲಸಕ್ಕೆ ಹೋಗ್ತಿರೋ ಮೊದಲ್ನೇ ಹೆಣ್ಣುಮಗಳು ನೀನು, ಆದ್ರೆ ಯಾರಿಗೂ ಹೇಳ್ಬಾರ್ದು ಅಂತೀಯ. ಕಣ್ಣು ಬೀಳುತ್ತೆ ಅಂತೀಯ. ಎದುರುಮನೆ ಮಾದಿಯಜ್ಜಿಗೂ ಹೇಳ್ಬಾರ್ದು, ಅಲ್ವಾ? ಹೂಂ. ಬಾ ಇಲ್ಲಿ, ಕೂತ್ಕೋ ಜಗಲಿ ಮೇಲೆ. ಆ ಫೋನು ಕೆಳಗಿಡು ಮೊದ್ಲು. ನಾನು ಮಾತಾಡೋದನ್ನ ಹಿಡಿದು ಯಾರ್ಯಾರಿಗೋ ಕಳಿಸ್ಬಿಡ್ತೀಯ, ನಿಮ್ಮ ಕಾಲದೋರ್ನ ನಂಬೋಕಾಗಲ್ಲ. ಇನ್ನೂ ಕೆಳಗೆ. ಮುಖ ಕೆಳಗೆ ಮಾಡಿ ಇಡು. ಹಾಂ, ಈಗ ಕೇಳು.

ಕಣ್ಣು ಬೀಳೋದು ಸುಳ್ಳು ಅಂತ ನಾನು ಹೇಳಲ್ಲ. ಹೇಳೋಳೂ ಅಲ್ಲ. ಜನರ ಮೇಲೆ ಅನುಮಾನ ಪಡೋದನ್ನ ನಿನಗಿಂತ ಚೆನ್ನಾಗಿ ಕಲಿತೋಳು ನಾನು, ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಈ ಸೋಲೂರು ಚಳಿಗೆ ಬಂದು ಬಿದ್ದಾಗ ನನ್ನ ಜೊತೆ ಬಂದಿದ್ದು ಎರಡೇ, ಒಂದು ತಗಡಿನ ಪೆಟ್ಟಿಗೆ, ಇನ್ನೊಂದು ಈ ಅನುಮಾನ. ಸುತ್ತ ಎಲ್ಲ ಈ ಬೆಟ್ಟದ ಬಡಗರ ಹಟ್ಟಿ. ಅವರ ಮಾತು ಒಂದು ಥರ, ನಮ್ಮ ಮಾತು ಒಂದು ಥರ, ಕೇಳಿದ್ರೆ ನಮ್ಮದೇ ಅನ್ಸುತ್ತೆ, ಪೂರ್ತಿ ಅರ್ಥ ಆಗಲ್ಲ, ಅರ್ಧ ಅರ್ಥ ಆಗೋ ಮಾತು ಇದೆಯಲ್ಲ, ಅದರಷ್ಟು ಅನುಮಾನ ತರೋದು ಬೇರೆ ಯಾವ್ದೂ ಇಲ್ಲ. ಅವರು ನಕ್ರೆ ನನ್ನ ನೋಡೇ ನಕ್ರು ಅಂದ್ಕೋತಿದ್ದೆ. ಅವರು ಸುಮ್ನಿದ್ರೆ ಏನೋ ಮಸಲತ್ತು ಅಂದ್ಕೋತಿದ್ದೆ. ನಿಮ್ಮ ತಾತ ಹೇಳೋರು, 'ಲೇ ಪುಟ್ಟತಾಯಿ, ಅವರು ಆಲೂಗಡ್ಡೆ ಬಗ್ಗೆ ಮಾತಾಡ್ತಿದ್ದಾರೆ ಕಣೆ.' ನಾನು, 'ನಿಮಗೇನು ಗೊತ್ತು, ಆಲೂಗಡ್ಡೆ ಅಂದ್ರೆ ನಾನೇ ಇರ್ಬೋದು' ಅಂತಿದ್ದೆ. ನಗ್ಬೇಡ. ಆಗ ನಾನು ಗುಂಡು ಗುಂಡಾಗೇ ಇದ್ದೆ.

ಎಲ್ಲಿದ್ದೆ? ಹಾಂ, ಹಿಮ ಸುಟ್ಟ ವರ್ಷ. ನಿಮ್ಮಮ್ಮ ಆಗ ಒಂದನೇ ಕ್ಲಾಸು... ಅಲ್ಲ, ಎರಡನೇ ಕ್ಲಾಸು, ಹಲ್ಲು ಬಿದ್ದಿತ್ತು. ಆ ಸಲ ಬಿದ್ದ ಹಿಮ ಇದೆಯಲ್ಲ, ಬೆಳಿಗ್ಗೆ ಎದ್ದು ನೋಡಿದ್ರೆ ತೋಟ ಪೂರ್ತಿ ಸುಣ್ಣ ಬಳಿದಂಗೆ. ನೋಡೋಕೆ ಚಂದ. ಈಗ ಟೂರಿಸ್ಟ್‌ಗಳು ಅದನ್ನ ನೋಡೋಕೇ ಕಾರು ಮಾಡ್ಕೊಂಡು ಬರ್ತಾರೆ, ಫೋಟೋ ತೆಗೀತಾರೆ. ಬಿಸಿಲು ಬಂತು ನೋಡು, ಚಿಗುರೆಲ್ಲ ಕಪ್ಪು. ಬೆಂಕಿ ಇಟ್ರೂ ಅಷ್ಟು ನೀಟಾಗಿ ಸುಡಲ್ಲ. ಟೀ ಗಿಡ ಮತ್ತೆ ಚಿಗುರೋವರೆಗೂ ಕೀಳೋಕೆ ಎಲೆ ಇಲ್ಲ, ಎಲೆ ಇಲ್ಲದಿದ್ರೆ ಮನೇಲಿ ಏನೂ ಇಲ್ಲ. ಬಟಾಣಿ ಹಾಕಿದ್ವಿ, ಅದೂ ಹೋಯ್ತು. ರೇಷನ್ ಅಕ್ಕಿ, ಬೇಲಿ ಬದಿ ಸೊಪ್ಪು, ಹೊಲದಲ್ಲಿ ಅಗೆದು ಉಳಿದ ಗೋಲಿ ಗಾತ್ರದ ಆಲೂಗಡ್ಡೆ, ಇಷ್ಟೇ ಊಟ. ಟೀ ಬೆಳೆಯೋರ ಮನೇಲಿ ಟೀಗೆ ಹಾಲಿಲ್ಲ, ಅಂಗಡಿಯ ಅಗ್ಗದ ಪುಡಿ ಕುದಿಸಿ ಬರೀ ಕರಿ ನೀರು ಕುಡೀತಿದ್ವಿ. ನಿಮ್ಮಮ್ಮ ಆ ಲೋಟ ಹಿಡ್ಕೊಂಡು ಕೇಳೋಳು, 'ಅವ್ವಾ, ಇವತ್ತಾದ್ರೂ ಬಿಳಿ ಟೀ ಮಾಡ್ತೀಯಾ?' ಅಂತ. ಇರೋದು ಒಂದೇ ಆಸೆ, ಕೊಟ್ಟಿಗೇಲಿ ಇದ್ದ ಗೌರಿ. ಗೌರಿ ಅಂದ್ರೆ ಹಸು ಕಣೆ. ಚೊಚ್ಚಲು ಗಬ್ಬ. ಅವಳೊಂದು ಈದು ಹಾಲು ಕೊಟ್ರೆ ಆ ವರ್ಷ ದಾಟ್ತೀವಿ, ಇಲ್ಲಾಂದ್ರೆ ಏನೋ ಗೊತ್ತಿಲ್ಲ. ಅಷ್ಟೇ ಲೆಕ್ಕ.

ಈಗ ಮಾದಿ ವಿಷಯ ಹೇಳ್ಬೇಕು, ಅದಿಲ್ದೆ ನಿನಗೆ ಅರ್ಥ ಆಗಲ್ಲ. ಮಾದಿ ಆಗ್ಲೂ ಎದುರುಮನೇಲೇ ಇದ್ದದ್ದು, ನಡುವೆ ಈ ದಾರಿ, ಈ ಬೇಲಿ. ನನಗಿಂತ ದೊಡ್ಡೋಳು, ಮಾದಿಯಕ್ಕ ಅಂತಿದ್ದೆ, ಬಾಯಲ್ಲಿ ಅಕ್ಕ, ಮನಸಲ್ಲಿ ಬೇರೆ. ಅವಳು ಬಾಯಿ ತೆರೆದ್ರೆ ಹೊಗಳೋದೇ ಕೆಲಸ. 'ಅಬ್ಬಾ ಎಷ್ಟು ಚಂದ ಕೂದಲು ಮಗೂಗೆ', 'ಅಬ್ಬಾ ನಿಮ್ಮ ಬಟಾಣಿ ಹೂವು ಹೆಂಗೆ ಬಿಟ್ಟಿದೆ'. ಹೊಗಳೋರ್ನ ಕಂಡ್ರೆ ನನಗೆ ಆಗಲ್ಲ. ಸುಮ್ ಸುಮ್ನೆ ಯಾರಾದ್ರೂ ಯಾಕೆ ಹೊಗಳ್ತಾರೆ, ಹೇಳು? ಗೌರಿಗೆ ಮುಂಚೆ ನಮ್ಮ ಹತ್ರ ಕೆಂಪಿ ಅಂತ ಇನ್ನೊಂದು ಹಸು ಇತ್ತು. ಈ ಮಾದಿ ಒಂದಿನ ಬೇಲಿ ಹತ್ರ ನಿಂತು, ಸೊಂಟದ ಮೇಲೆ ಕೈಯಿಟ್ಟು, 'ಅಬ್ಬಬ್ಬಾ ಪುಟ್ಟತಾಯಿ, ಏನು ಕೆಚ್ಚಲು ಇದು, ನಾಕು ಮನೆಗೆ ಆಗುತ್ತೆ' ಅಂದ್ಲು. ಅಂದು ಹೋದ್ಲು. ಆ ವಾರದಲ್ಲೇ ಕೆಂಪಿಗೆ ಕೆಚ್ಚಲು ಬಾವು. ಕಲ್ಲಾಯ್ತು ಕೆಚ್ಚಲು. ಹಾಲಿನ ಬದಲು ರಕ್ತ ಬಂತು, ಆಮೇಲೆ ಅದೂ ನಿಂತೋಯ್ತು. ಡಾಕ್ಟ್ರು ಏನೇನೋ ಹೇಳಿದ್ರು, ನೆಲ ಒದ್ದೆ, ಗಲೀಜು, ಕೆಚ್ಚಲು ತೊಳೀತಿರ್ಲಿಲ್ಲ ಅಂತ. ಡಾಕ್ಟ್ರಿಗೇನು ಗೊತ್ತು! ನಾನು ದಾರೀಲಿ ನಿಂತು, ಎಲ್ಲರಿಗೂ ಕೇಳೋ ಹಂಗೆ ಅಂದೆ, 'ಕಣ್ಣು ಬಿತ್ತು ಕಣ್ರೋ, ಯಾರ ಕಣ್ಣು ಅಂತ ನಾನು ಹೇಳೋದೇನು ಬೇಡ.' ಅದು ಕಣ್ಣೇ ಅಂತ ನಾನು ಈಗ್ಲೂ ಅಂತೀನಿ. ಅಂದ್ರೆ... ಇರ್ಬೋದು ಅಂತೀನಿ. ಮುಂದೆ ಕೇಳು.

ಅದಕ್ಕೇ ಗೌರಿ ಗಬ್ಬ ಆದಾಗ್ಲಿಂದ ನಾನು ಕೊಟ್ಟಿಗೆಗೆ ಗೋಣಿ ಪರದೆ ಕಟ್ಟಿಬಿಟ್ಟೆ. ಮೇಯೋಕೂ ಹಿಂದಗಡೆಯಿಂದ ಹೊಡ್ಕೊಂಡು ಹೋಗ್ತಿದ್ದೆ. ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗಿರ್ಲಿಲ್ಲ, ಗೌರಿ ಈದ್ಲು. ಹೆಣ್ಣು ಕರು! ನಿಮ್ಮ ತಾತ ಕರೂನ ಒಣಹುಲ್ಲಲ್ಲಿ ಉಜ್ತಾ ಉಜ್ತಾ ಅಳ್ತಿದ್ರು, ನಿಜವಾಗ್ಲೂ ಅಳ್ತಿದ್ರು, ಮೂಗಲ್ಲೆಲ್ಲ ಸುರೀತಿತ್ತು. 'ಹೆಣ್ಣು ಕರು ಕಣೆ, ಹೆಣ್ಣು ಕರು' ಅಂತ ಕಿರುಚೋಕೆ ಹೋದ್ರು, ನಾನು ಅವರ ಬಾಯಿಗೆ ಕೈ ಅಡ್ಡ ಇಟ್ಟೆ. ಕೈ ತುಂಬ ಸಗಣಿ ಇತ್ತು, ಆದ್ರೂ ಇಟ್ಟೆ. 'ರೀ, ಉಸಿರು ಬಿಟ್ರೆ ನೋಡಿ. ಯಾರಿಗೂ ಹೇಳ್ಕೂಡ್ದು. ಟೀ ಎಲೆ ತೂಗೋ ಶೆಡ್ಡಿನ ಹತ್ರ ಹರಟೆಗೆ ಹೋದಾಗ ಹಲ್ಲು ಬಿಟ್ಕೊಂಡು ಹೋಗ್ಬೇಡಿ, ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ.' ಪಾಪ ಅವರು, ಮುಖ ಗಂಟು ಹಾಕ್ಕೊಂಡು ಹೋದ್ರು. ಅವರಿಗೆ ಗಂಟು ಹಾಕೋಕೆ ಬರಲ್ಲ, ಹೊಟ್ಟೆನೋವು ಬಂದೋರ ಥರ ಕಾಣ್ತಿದ್ರು. ಅಲ್ಲಿದ್ದೋರು 'ಏನಣ್ಣಾ ಹೊಟ್ಟೆನೋವಾ?' ಅಂತ ಕೇಳಿದ್ದಾರೆ, ಇವರು ಹೂಂ ಅಂದಿದ್ದಾರೆ, ಯಾರೋ ಪುಣ್ಯಾತ್ಮ ಮನೆಗೆ ಕರ್ಕೊಂಡು ಹೋಗಿ ಒಂದು ಲೋಟ ಕಹಿ ಕಷಾಯ ಕುಡಿಸಿ ಕಳಿಸಿದ್ದಾನೆ. ಮನೇಲಿ ಗಿಣ್ಣು ಕಾಯ್ತಾ ಇದೆ, ಇವರು ಕಷಾಯ ಕುಡ್ಕೊಂಡು ಬಂದ್ರು.

ಗಿಣ್ಣು ಅಂದ್ರೆ ಈಗಿನೋರಿಗೆ ಪ್ಯಾಕೆಟ್ಟಲ್ಲಿ ಬರೋ ಪುಡಿ. ಅದಲ್ಲ ಕಣೆ. ಈದ ಹಸುವಿನ ಮೊದಲ ಹಾಲು, ಹಳದಿ, ಎಣ್ಣೆ ಥರ ಗಟ್ಟಿ, ಬೆಲ್ಲ ಹಾಕಿ ಏಲಕ್ಕಿ ಕುಟ್ಟಿ ಹಾಕಿ ಹಬೇಲಿಟ್ರೆ ತಾನೇ ಗಟ್ಟಿಯಾಗುತ್ತೆ, ಚಾಕು ಹಾಕಿ ಕುಯ್ಬೇಕು. ನಾಕು ದಿನ ಅಷ್ಟೇ, ದಿನದಿಂದ ದಿನಕ್ಕೆ ಹಾಲು ತೆಳ್ಳಗಾಗ್ತಾ ಹೋಗಿ ಆಮೇಲೆ ಮಾಮೂಲಿ ಹಾಲು. ನಮ್ಮ ತೌರಲ್ಲಿ ಹಸು ಈದ್ರೆ ಮೊದಲು ಪಾತ್ರೆ ಪಾತ್ರೆ ಗಿಣ್ಣು ಬೀದಿಗೆ ಹೋಗ್ಬೇಕು, ಆಮೇಲೆ ಮನೆಯೋರು ತಿನ್ಬೇಕು. ಪಾತ್ರೆ ವಾಪಸ್ ಕೊಡೋರೂ ಬರಿದು ಕೊಡಲ್ಲ, ಒಂದು ಹಿಡಿ ಏನಾದ್ರೂ ಹಾಕಿ ಕೊಡ್ತಾರೆ, ಬರೀ ಪಾತ್ರೆ ಕೊಟ್ರೆ ಹಸು ಬತ್ತುತ್ತೆ ಅಂತ. ನಾನು ಅದನ್ನೆಲ್ಲ ಬಿಟ್ಟೆ. ಬಾಗಿಲು ಹಾಕ್ದೆ. ಕಿಟಕಿ ಹಾಕ್ದೆ. ಏಲಕ್ಕಿ ವಾಸನೆ ಆಚೆ ಹೋಗುತ್ತಲ್ಲ ಅಂತ ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿದೆ, ಒಲೆ ಹೊಗೆ ಒಳಗೇ ಸುತ್ಕೊಂಡು ನಮ್ಮ ಕಣ್ಣೆಲ್ಲ ಉರಿ. ಮೂರು ಜನ ಆ ಹೊಗೆಯಲ್ಲಿ ಕೂತು ಗಿಣ್ಣು ತಿಂದ್ವಿ. ಬೆಲ್ಲ ಸರಿಯಾಗಿತ್ತು, ಏಲಕ್ಕಿ ಸರಿಯಾಗಿತ್ತು. ಅಷ್ಟು ತಿಂಗಳಾದ ಮೇಲೆ ಬಾಯಿಗೆ ಹಾಲಿನ ಪದಾರ್ಥ. ಆದ್ರೆ ಹೇಳ್ತೀನಿ ಕೇಳು, ದಾರೀಲಿ ಹೆಜ್ಜೆ ಸದ್ದಾದ್ರೆ ಅಗಿಯೋದು ನಿಲ್ಲಿಸ್ತಿದ್ವಿ. ನಿಮ್ಮಮ್ಮ ಪಿಸುಪಿಸು ಅಂತ ಕೇಳಿದ್ಲು, 'ಅವ್ವಾ, ಯಾರು ಸತ್ತಿರೋದು?' ಅಂತ. ನಾನು ಬೆನ್ನಿಗೆ ಒಂದು ಕೊಟ್ಟೆ. ಅವಳು ಅತ್ಲು, ಅದನ್ನೂ ಸದ್ದಿಲ್ದೆ ಅತ್ಲು. ಇನ್ನೂ ಅರ್ಧ ಪಾತ್ರೆ ಗಿಣ್ಣು ಉಳೀತು. ಯಾರಿಗೂ ಇಳೀಲಿಲ್ಲ.

ಸಂಜೆ ಆಯ್ತು, ಗೌರಿಗೆ ಮಾಸು ಬೀಳ್ಲಿಲ್ಲ. ಈದ ಮೇಲೆ ಕರು ಸುತ್ತ ಇದ್ದ ಚೀಲ, ಅದೇ ಮಾಸು, ಬೀಳ್ಬೇಕು, ಬೀಳ್ದೆ ಒಳಗೇ ಉಳಿದ್ರೆ ಕೊಳೀತದೆ, ಹಸು ಹೋಗ್ಬಿಡ್ತದೆ. ನೀನು ನರ್ಸು, ನಿನಗ್ಗೊತ್ತಿರ್ಬೇಕು. ಅವಳು ಮೇವು ಮುಟ್ಲಿಲ್ಲ, ತಲೆ ಬಗ್ಗಿಸ್ಕೊಂಡು ನಿಂತಿದ್ಲು. ನಿಮ್ಮ ತಾತ, 'ಹೋಗಿ ಯಾರನ್ನಾದ್ರೂ ಕೇಳ್ಲಾ?' ಅಂದ್ರು. 'ಕೇಳಿದ್ರೆ ಈದಿರೋದು ಗೊತ್ತಾಗಲ್ವಾ?' ಅಂದೆ ನಾನು. ನಮ್ಮೂರಲ್ಲಾದ್ರೆ ಬಿದಿರ ಸೊಪ್ಪು ತಿನ್ನಿಸ್ತಿದ್ವಿ, ಮಾಸು ಬಿದ್ದೋಗೋದು. ಈ ಎತ್ತರದಲ್ಲಿ, ನಮ್ಮ ಹಟ್ಟಿ ಸುತ್ತ ಎಲ್ಲಿ ಬಿದಿರು? ಕೆಳಗೆ ಮಸಿನಗುಡಿ ಕಡೆ ಇಳೀಬೇಕು. ಕೊಟ್ಟಿಗೆಯಲ್ಲಿ ಗೌರಿ ಕತ್ತು ಹಿಡ್ಕೊಂಡು ನಾನೇ ಅಂದ್ಕೊಂಡೆ, ಒಂದು ಹಿಡಿ ಬಿದಿರ ಸೊಪ್ಪು ಸಿಕ್ಕಿದ್ರೆ ಸಾಕಾಗಿತ್ತು ಅಂತ. ಮನಸಲ್ಲಿ ಅಂದ್ಕೊಂಡಿದ್ದು. ಬಾಯಿ ಬಿಟ್ಟು ಅಂದಿಲ್ಲ. ಇದನ್ನ ನೆನಪಿಟ್ಕೋ.

ಮಾರನೇ ಬೆಳಿಗ್ಗೆ ಎದ್ದು ಹೋಗಿ ನೋಡ್ತೀನಿ, ಕೊಟ್ಟಿಗೆ ಬೇಲಿ ಬುಡದಲ್ಲಿ ಒಂದು ಕಟ್ಟು. ಬಿದಿರ ಸೊಪ್ಪು! ಹಸೀದು, ನೀರು ಚಿಮುಕಿಸಿದಂಗೆ ಒದ್ದೆ. ನನಗೆ ಜೀವ ಬಂತು ಅಂದ್ಕೊಂಡ್ಯಾ? ಜೀವ ಹೋಯ್ತು ಕಣೆ! ನಾನು ಮನಸಲ್ಲಿ ಅಂದ್ಕೊಂಡಿದ್ದು ಬೇಲಿ ಹತ್ರ ಬಂದು ಕೂತಿದೆ. ಯಾರಿಗೂ ಹೇಳಿಲ್ಲ, ಯಾರಿಗೂ ಗೊತ್ತಿಲ್ಲ, ಆದ್ರೂ ಯಾರಿಗೋ ಗೊತ್ತಿದೆ. ಬಗ್ಗಿ ನೋಡ್ದೆ, ಸೊಪ್ಪಿನ ಕಟ್ಟಿಗೆ ಸುತ್ತಿದ್ದು ದಾರ ಅಲ್ಲ, ಹಗ್ಗ ಅಲ್ಲ, ಕರಿ ಬಟ್ಟೆ. ಹರಿದ ಕರಿ ಬಟ್ಟೆ, ಗಂಟಿನ ಮೇಲೆ ಗಂಟು. ಮಾಟ! ಇನ್ನೇನು ಅನುಮಾನ. ಆವಾಗ ತಲೆ ಎತ್ತಿದೆ ನೋಡು, ಮಂಜಿನಲ್ಲಿ ಮಾದಿ ಹೋಗ್ತಿದ್ದಾಳೆ, ತಲೆಗೆ ಬಿಳಿ ಬಟ್ಟೆ, ಮುಖ ಪೂರ್ತಿ ಆ ಕಡೆ ತಿರುಗಿಸ್ಕೊಂಡು. ದಾರಿ ಈ ಕಡೆ, ಮುಖ ಆ ಕಡೆ. ಕೈಯಿಂದ ಕಣ್ಣಿಗೆ ಮರೆ ಬೇರೆ ಮಾಡ್ಕೊಂಡಿದ್ಲು. ಯಾರಾದ್ರೂ ಹಂಗೆ ನಡೀತಾರಾ? ಕೆಟ್ಟ ಕೆಲಸ ಮಾಡಿದೋರು ತಾನೆ ಮುಖ ತಿರುಗಿಸ್ಕೋಳೋದು? ಕಟ್ಟನ್ನ ಕೈಯಲ್ಲಿ ಮುಟ್ದೆ ಕೋಲಲ್ಲಿ ಎತ್ತಿ ಚರಂಡಿಗೆ ಎಸೆದೆ. ಎಸೆದು ಕಾಲು ತೊಳ್ಕೊಂಡೆ, ಕೋಲೂ ತೊಳೆದೆ.

ನಿಮ್ಮ ತಾತನಿಗೆ ಹೇಳಿದ್ರೆ, 'ಬಿದಿರ ಸೊಪ್ಪು ತಾನೆ, ತಿನ್ನಿಸ್ಬೇಕಿತ್ತು' ಅಂದ್ರು. ಗಂಡಸರಿಗೆ ಏನೂ ಗೊತ್ತಾಗಲ್ಲ. ಮಧ್ಯಾಹ್ನ ನಾನು ನೀರು ಕುಡಿಸೋಕೆ ಅಂತ ಗೌರೀನ ಹೊರಗೆ ಬಿಟ್ಟು, ಬಕೆಟ್ ತರೋಕೆ ಒಳಗೆ ಹೋದೆ. ಬಂದು ನೋಡ್ತೀನಿ, ಅಯ್ಯೋ, ಚರಂಡಿಗೆ ಕತ್ತು ಹಾಕಿ ಆ ಸೊಪ್ಪು ತಿಂತಾ ಇದಾಳೆ! ನಿನ್ನೆಯಿಂದ ಹುಲ್ಲು ಮುಟ್ಟದೋಳು ಚರ್ ಚರ್ ಅಂತ ತಿಂತಾ ಇದಾಳೆ, ಕರಿ ಬಟ್ಟೆ ಮೂಗಿನ ಮೇಲೆ ನೇತಾಡ್ತಿದೆ. ನಾನು ಬಕೆಟ್ ಬಿಸಾಕಿ ಓಡಿ ಎಳೆದ್ರೂ ಬರಲ್ಲ ಅವಳು. ಪೂರ್ತಿ ತಿಂದ್ಲು. ಮುಗೀತು ಅಂದ್ಕೊಂಡೆ. ಕೊಟ್ಟಿಗೇಲಿ ಕಟ್ಟಿ, ಎದುರು ಕೂತು, ಅವಳು ಯಾವಾಗ ಬೀಳ್ತಾಳೋ ಅಂತ ನೋಡ್ತಾ ಇದ್ದೆ. ಗೌರಿ ಬೀಳ್ಲಿಲ್ಲ. ಸಂಜೆ ದೀಪ ಹಚ್ಚೋ ಹೊತ್ತಿಗೆ ಮಾಸು ಬಿತ್ತು. ಸೊಪ್ಪಿಂದ ಬಿತ್ತೋ, ಅದರ ಹೊತ್ತು ಬಂದು ಬಿತ್ತೋ, ನನಗೇನು ಗೊತ್ತು. ಬಿತ್ತು. ಗೌರಿ ತಿರುಗಿ ಕರೂನ ನೆಕ್ಕಿದ್ಲು, ಮೇವಿಗೆ ಬಾಯಿ ಹಾಕಿದ್ಲು. ನಿಮ್ಮ ತಾತ ಕೈ ಮುಗಿದ್ರು. ನಾನು ಮುಗೀಲಿಲ್ಲ. ನನ್ನ ಅನುಮಾನ ಇನ್ನೂ ಜಾಸ್ತಿ ಆಯ್ತು. ಕೆಟ್ಟದ್ದು ಮಾಡೋಕೆ ಬಂದೋಳ ಸೊಪ್ಪಿಂದ ಒಳ್ಳೇದು ಹೆಂಗಾಯ್ತು? ಇದರಲ್ಲಿ ಏನೋ ಇದೆ ಅಂತ.

ಮೂರನೇ ಬೆಳಿಗ್ಗೆ ನಾನು ಗೋಣಿ ಪರದೆ ಹಿಂದೆ ಬಚ್ಚಿಟ್ಕೊಂಡು ಕೂತೆ, ಕೈಲಿ ಅದೇ ಕೋಲು. ಬಂದ್ಲು ಮಾದಿ. ಮುಖ ಆ ಕಡೆ, ಕೈ ಕಣ್ಣಿಗೆ ಅಡ್ಡ, ಕಾಲಲ್ಲಿ ದಾರಿ ತಡಕಾಡ್ಕೊಂಡು. ಬೇಲಿ ಹತ್ರ ಬಂದು ಇನ್ನೊಂದು ಕಟ್ಟು ಕೆಳಗಿಟ್ಲು. 'ಹಿಡಿದೆ!' ಅಂತ ಹಾರಿ ಅವಳ ರಟ್ಟೆ ಹಿಡ್ಕೊಂಡೆ. 'ಏನು ಮಾಡ್ತಿದ್ದೀಯ ಮಾದಿಯಕ್ಕ, ನಮ್ಮ ಹಸೂಗೆ ಏನು ಮಾಡ್ತಿದ್ದೀಯ, ಹೇಳು!' ಅವಳು ಬೆಚ್ಚಿಬಿದ್ಲು, ಆದ್ರೂ ಮುಖ ಈ ಕಡೆ ತಿರುಗಿಸ್ಲಿಲ್ಲ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ್ಲು. ಅವಳು ಅವರ ಮಾತಲ್ಲಿ ಹೇಳಿದ್ದು, ನಾನು ನನ್ನ ಮಾತಲ್ಲಿ ಹೇಳ್ತಿದೀನಿ. 'ಬಿಡು ಪುಟ್ಟತಾಯಿ, ನಾನು ನೋಡಿಲ್ಲ. ಆಣೆಗೂ ನೋಡಿಲ್ಲ. ನಿನ್ನ ಕರೂನ ನಾನು ಇನ್ನೂ ನೋಡಿಲ್ಲ.' 'ಕರು ಇರೋದು ನಿನಗೆ ಹೆಂಗೆ ಗೊತ್ತು?' ಅಂದೆ. 'ಹಸು ಕರೂನ ಕರೆಯೋ ದನಿ ಎದುರುಮನೆಗೆ ಕೇಳಲ್ವಾ? ನಾನೂ ಎಮ್ಮೆ ಕಟ್ಟಿದೋಳೇ.' 'ಮತ್ತೆ ಈ ಕರಿ ಬಟ್ಟೆ?' ಅವಳು ಕಣ್ಣು ಬಿಡ್ದೆನೇ ಅಂದ್ಲು, 'ದೃಷ್ಟಿ ತಾಗ್ಬಾರ್ದು ಅಂತ ಕಟ್ಟಿದ್ದು. ನನ್ನ ದೃಷ್ಟೀನೇ ತಾಗ್ಬಾರ್ದು ಅಂತ. ಕೆಂಪಿಗೆ ಕಣ್ಣು ಬಿತ್ತು ಅಂತ ನೀನು ದಾರೀಲಿ ನಿಂತು ಅಂದ್ಯಲ್ಲ, ಅದು ನನಗೂ ಕೇಳಿಸ್ತು. ನಿಜ ಇದ್ರೂ ಇರ್ಬೋದು, ಯಾರಿಗೆ ಗೊತ್ತು ತಮ್ಮ ಕಣ್ಣು ಎಂಥದು ಅಂತ. ನೀನು ಪರದೆ ಕಟ್ಟಿದಾಗ್ಲೇ ಗೌರಿ ಗಬ್ಬ ಅಂತ ಗೊತ್ತಾಯ್ತು. ತಿಂಗಳು ತುಂಬ್ತಾ ಬಂತಲ್ಲ, ಈದ ಮೇಲೆ ಬೇಕಾಗುತ್ತೆ ಅಂತ ನಮ್ಮ ತಮ್ಮ ಮಸಿನಗುಡಿಯಿಂದ ಜೀಪಲ್ಲಿ ಬರೋವಾಗ ಸೊಪ್ಪು ತರ್ಸಿ, ಒದ್ದೆ ಗೋಣೀಲಿ ಸುತ್ತಿಟ್ಟಿದ್ದೆ. ಇಟ್ಟು ಹೋಗ್ತೀನಿ, ನೋಡಲ್ಲ. ಖುಷಿಗೆ ತಡೀಲಾರ್ದೆ ಬಂದೆ, ತಪ್ಪು ತಿಳ್ಕೋಬೇಡ.'

ಸುಮಾ, ನನ್ನ ಕೈಯಲ್ಲಿ ಅವಳ ರಟ್ಟೆ ಹಂಗೇ ಇತ್ತು. ಇದ್ರಲ್ಲೂ ಏನಾದ್ರೂ ನಾಟಕ ಇದ್ಯಾ ಅಂತ ಹುಡುಕಿದೆ, ನನ್ನ ಬುದ್ಧೀನೇ ಅಂಥದು, ಅವಳ ಮುಖದ ಹತ್ರ ಬಗ್ಗಿ ನೋಡ್ದೆ. ಮುಚ್ಚಿದ ರೆಪ್ಪೆ ಸಂದೀಲಿ ನೀರು ಬರ್ತಿತ್ತು. ನನ್ನ ಮನೇಲಿ ಹಸು ಈದದ್ದಕ್ಕೆ ನಾವು ಮೂರು ಜನ ಹೊಗೇಲಿ ಸಾವಿನ ಮನೆಯೋರ ಥರ ಕೂತಿದ್ವಿ, ಇವಳು ತನ್ನ ಮನೇಲಿ ಒಬ್ಬಳೇ ಕೂತು ಖುಷಿ ಪಟ್ಟಿದ್ದಾಳೆ, ಅದನ್ನ ಹೇಳ್ಕೊಳೋಕೆ ಅವಳಿಗೂ ಒಬ್ಬರಿಲ್ಲ. ನಾನು ಏನಂದೆ ಗೊತ್ತಾ? 'ಕಣ್ಣು ಬಿಡು' ಅಂದೆ. ಅವಳು ಬಿಡಲ್ಲ ಅಂದ್ಲು. 'ಬಿಡು ಅಂದ್ರೆ ಬಿಡು ಮಾದಿಯಕ್ಕ, ಬೇಲಿಗೆ ಎಡವಿ ಬಿದ್ದು ನನ್ನ ಮೇಲೆ ಹೇಳ್ತೀಯ' ಅಂತ ಗದರಿ, ಎಳ್ಕೊಂಡು ಹೋಗಿ ಕರು ಮುಂದೆ ನಿಲ್ಲಿಸ್ದೆ, ಗೋಣಿ ಪರದೆ ಕಿತ್ತು ಹಾಕ್ದೆ. ಅವಳು ಒಂದು ಕಣ್ಣು ಬಿಟ್ಲು. ಆಮೇಲೆ ಇನ್ನೊಂದು. ಆಮೇಲೆ ಶುರುವಾಯ್ತು ನೋಡು ಅವಳ ಹೊಗಳಿಕೆ! 'ಅಬ್ಬಬ್ಬಾ, ಕಿವಿ ನೋಡು, ಒಂದು ಕಿವಿ ಕೆಂಪು, ಒಂದು ಕಿವಿ ತುದಿ ಬಿಳಿ. ಬಾಲದ ತುದೀಲಿ ಬಿಳಿ ಕುಚ್ಚು. ಕಣ್ಣು ನೋಡು ಪುಟ್ಟತಾಯಿ, ಕಾಡಿಗೆ ಹಚ್ಚಿದಂಗೆ. ನೀನು ನಕ್ಕಂಗೇ ಬಾಯಿ ಮಾಡ್ತದೆ ನೋಡು ಇದು.' ನಾನು ನೋಡ್ತೀನಿ, ಹೌದು! ಒಂದು ಕಿವಿ ತುದಿ ಬಿಳಿ. ನಾನು ಅದನ್ನ ನೋಡೇ ಇರ್ಲಿಲ್ಲ. ನಮ್ಮ ಕರು, ನನ್ನ ಕೊಟ್ಟಿಗೆ, ಮೂರನೇ ದಿನ, ನಾನು ಬಾಗಿಲು ನೋಡಿದ್ದೆ, ದಾರಿ ನೋಡಿದ್ದೆ, ಬೇಲಿ ನೋಡಿದ್ದೆ, ಕರೂನ ಮಾತ್ರ ನೋಡಿರ್ಲಿಲ್ಲ. ಅವಳು ತೋರಿಸ್ತಾ ಹೋದ್ಲು, ನಾನು ನೋಡ್ತಾ ಹೋದೆ. ನನಗೆ ಆಗ ಬಂತು ಕಣೆ ಅಳು, ನಿಮ್ಮ ತಾತನಿಗೆ ಮೊದಲ್ನೇ ದಿನವೇ ಬಂದಿದ್ದು ನನಗೆ ಆವಾಗ ಬಂತು. ಅಷ್ಟು ಖುಷಿ ಆಯ್ತು.

ಆಮೇಲೆ ನಾನು ಮಾದೀನ ಬಿಡ್ಲಿಲ್ಲ, ಒಳಗೆ ಕರ್ಕೊಂಡು ಹೋಗಿ ಕೂರಿಸ್ದೆ. ಮೂರನೇ ದಿನದ ಹಾಲು, ಗಿಣ್ಣು ಸರಿಯಾಗಿ ಕಟ್ಟಲ್ಲ, ಸಡಿಲ ಸಡಿಲ, ಒಡೆದ ಮೊಸರಿನ ಥರ. ಬೆಲ್ಲನೂ ಮುಗಿದಿತ್ತು, ಡಬ್ಬದ ತಳ ಕೆರೆದು ಹಾಕಿದ್ದು. ಈ ಸಲ ಬಾಗಿಲು ತೆಗೆದಿಟ್ಟೆ. ವಾಸನೆ ದಾರಿಗೆ ಹೋಯ್ತು, ವಾಸನೆ ಹಿಡ್ಕೊಂಡು ಯಾರ್ಯಾರೋ ಬಂದ್ರು. ನಿಮ್ಮ ತಾತನಿಗೆ ಕಷಾಯ ಕುಡಿಸಿದೋನೂ ಬಂದ, 'ಏನಣ್ಣಾ, ಇದಾ ನಿನ್ನ ಹೊಟ್ಟೆನೋವು?' ಅಂದ, ನಿಮ್ಮ ತಾತ ಮೂರು ದಿನ ತಡ್ಕೊಂಡಿದ್ದ ನಗೂನೆಲ್ಲ ಒಟ್ಟಿಗೇ ನಕ್ರು. ನಿಮ್ಮಮ್ಮ ಬೀದಿ ತುಂಬ ಓಡಾಡಿ, ಹಲ್ಲಿಲ್ಲದ ಬಾಯಲ್ಲಿ 'ನಮ್ಮನೇಲಿ ಕರು, ನಮ್ಮನೇಲಿ ಕರು' ಅಂತ ಸಾರಿದ್ಲು. ತಲೆಗೊಂದು ಚಮಚ ಬಂತೋ ಇಲ್ವೋ. ನನಗೆ ಬೆರಳಿಗೆ ಹತ್ತಿದ್ದು ಅಷ್ಟೇ. ಆ ಬೆರಳು ನೆಕ್ಕಿದ್ನಲ್ಲ, ಆ ರುಚಿ ನನಗೆ ಈಗ್ಲೂ ಹೇಳೋಕೆ ಬರುತ್ತೆ. ಮೊದಲ ದಿನ ಅರ್ಧ ಪಾತ್ರೆ ತಿಂದಿದ್ದು ಹೆಂಗಿತ್ತು ಅಂತ ಕೇಳು, ನೆನಪಿಲ್ಲ. ಹೊಗೆ ನೆನಪಿದೆ. ಸಂಜೆ ಮಾದಿ ಪಾತ್ರೆ ವಾಪಸ್ ತಂದ್ಲು, ಒಳಗೆ ಒಂದು ಹಿಡಿ ಒಣ ಅವರೆಕಾಳು. ಅವಳ ಮನೇಲೂ ಹಿಮ ಸುಟ್ಟ ವರ್ಷವೇ ಅದು, ಆ ಒಂದು ಹಿಡಿ ಎಲ್ಲಿಂದ ತಂದ್ಲೋ. ನಾನು ಒಲೆ ಬೆಳಕಲ್ಲಿ ಒಂದೊಂದೇ ಕಾಳು ತಿರುಗಿಸಿ ನೋಡ್ದೆ, ಹುಳ ಇದ್ಯಾ ಅಂತ. ಇರ್ಲಿಲ್ಲ. ಬುದ್ಧಿ ಎಲ್ಲಿಗೆ ಹೋಗುತ್ತೆ, ಹೇಳು.

ಗೌರಿಗೆ ಏನೂ ಆಗ್ಲಿಲ್ಲ. ಅಷ್ಟು ಜನ ನೋಡಿದ್ರು, ಅಷ್ಟು ಜನ ಹೊಗಳಿದ್ರು. ಮಾರನೇ ದಿನದಿಂದ ಕೆಚ್ಚಲು ಬಿಸಿನೀರಲ್ಲಿ ತೊಳೆದು ಹಿಂಡೋಕೆ ಶುರು ಮಾಡಿದ್ದೆ ಅಂತಿಟ್ಕೋ, ಡಾಕ್ಟ್ರು ಹೇಳಿದ್ರು ಅಂತ ಅಲ್ಲ, ಸುಮ್ನೆ. ನಿಮ್ಮಮ್ಮ ಬಿಳಿ ಟೀ ಕುಡಿದ್ಲು. ಟೀ ಗಿಡ ಚಿಗುರೋವರೆಗೂ ಆ ಹಾಲಲ್ಲೇ ದಿನ ತಳ್ಳಿದ್ವಿ. ಆದ್ರೆ ನಾನು ಹೇಳ್ತಿರೋದು ಹಾಲಿನ ಮಾತಲ್ಲ. ಹಸು ಮೊದಲ ದಿನವೂ ಅದೇ, ಮೂರನೇ ದಿನವೂ ಅದೇ. ಕರುವೂ ಅದೇ.

ಏನು ನಗ್ತೀಯ, ಎದ್ದೇಳು ಮೇಲೆ. ಆ ಡ್ರಮ್ಮಿನ ಹಿಂದಿಂದ ಡಬ್ಬ ತೆಗಿ. ಇರುವೆ ಮುತ್ತಿರುತ್ತೆ ಆಗ್ಲೇ, ನೋಡು. ಮಾದಿಯಜ್ಜಿ ಮನೆಗೆ ಹೋಗು. ಅವಳಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ, ಪೊರೆ ಬಂದಿದೆ, ನಿನ್ನ ಮುಖ ಹತ್ರ ಎಳ್ಕೊಂಡು ಕೈಯಲ್ಲಿ ಸವರಿ ಸವರಿ ನೋಡ್ತಾಳೆ. ನೋಡ್ಲಿ. ಮುಖ ತಿರುಗಿಸ್ಬೇಡ. ಕೆಲಸದ ವಿಷಯ ನೀನೇ ಬಾಯಿ ಬಿಟ್ಟು ಹೇಳು, ಎರಡು ಸಲ ಹೇಳು, ಕಿವೀನೂ ಮಂದ. ಅವಳು ನಿನ್ನಲ್ಲಿ ಏನೇನು ಹೊಗಳ್ತಾಳೋ ಎಲ್ಲ ಕೇಳ್ಕೊಂಡು ಬಂದು ನನಗೆ ಹೇಳು, ನಾನು ನೋಡ್ದೆ ಬಿಟ್ಟಿರೋದು ಏನಾದ್ರೂ ಇರುತ್ತೆ. ಆ ಮೂಲೆ ಮನೆಯೋನಿಗೆ ಕೊಡ್ಬೇಡ, ಅವನ ಮೇಲೆ ನನಗೆ ನಂಬಿಕೆ ಇಲ್ಲ... ಸರಿ, ಅವನಿಗೂ ಒಂದು ಕೊಡು, ಸಣ್ಣದು. ಬಾಗಿಲು ಹಾಕ್ಕೊಂಡು ತಿಂದ್ರೆ ಹೊಟ್ಟೆ ತುಂಬುತ್ತೆ ಕಣೆ, ಅಷ್ಟೇ, ಬಾಯಿಗೆ ಏನೂ ಹತ್ತಲ್ಲ. ಹೋಗು ಹೋಗು, ಮಂಜು ಇಳೀತಿದೆ. ಡಬ್ಬ ಮಾತ್ರ ಕೇಳಿ ಇಸ್ಕೊಂಡು ಬಾ, ಬರಿದಾಗಿ ಕೊಟ್ರೆ ನನಗೆ ಹೇಳು.